ದೀರ್ಘಕಾಲದ ಬೆನ್ನುನೋವು ಮತ್ತು ಎರಡನೆಯ ವೈದ್ಯಕೀಯ ಅಭಿಪ್ರಾಯ

ಎರಡನೆಯ ವೈದ್ಯಕೀಯ ಅಭಿಪ್ರಾಯ ಎಂದರೆ ಒಬ್ಬ ವೈದ್ಯರು ಈಗಾಗಲೇ ನೀಡಿರುವ ರೋಗನಿರ್ಣಯವನ್ನು ಅಥವಾ ಸೂಚಿಸಿರುವ ಚಿಕಿತ್ಸೆಯನ್ನು ಮತ್ತೊಬ್ಬ ಅರ್ಹ ವೈದ್ಯರಿಂದ ಸ್ವತಂತ್ರವಾಗಿ ಪರಿಶೀಲಿಸಿಕೊಳ್ಳುವುದು. ಆಡುಮಾತಿನಲ್ಲಿ ಇದನ್ನು 'ಸೆಕೆಂಡ್ ಒಪಿನಿಯನ್' ಎಂದೇ ಕರೆಯುವುದು ರೂಢಿ. ದೀರ್ಘಕಾಲದ ಬೆನ್ನುನೋವಿನಲ್ಲಿ ಇದಕ್ಕೆ ವಿಶೇಷ ಮಹತ್ವವಿದೆ. ಈ ನೋವಿಗೆ ಖಚಿತವಾದ ಒಂದೇ ಕಾರಣವನ್ನು ಗುರುತಿಸುವುದು ಬಹುಪಾಲು ರೋಗಿಗಳಲ್ಲಿ ಸಾಧ್ಯವಾಗುವುದಿಲ್ಲ. ಸ್ಕ್ಯಾನ್ ವರದಿಗಳನ್ನು ಒಂದಕ್ಕಿಂತ ಹೆಚ್ಚು ರೀತಿಯಲ್ಲಿ ಅರ್ಥೈಸಬಹುದು. ಸೂಚಿಸಲಾಗುವ ಚಿಕಿತ್ಸೆಗಳಲ್ಲಿ ಕೆಲವು, ಮುಖ್ಯವಾಗಿ ಬೆನ್ನುಮೂಳೆಯ ಶಸ್ತ್ರಚಿಕಿತ್ಸೆಗಳು, ಒಮ್ಮೆ ಮಾಡಿದ ಮೇಲೆ ಹಿಂದಕ್ಕೆ ಪಡೆಯಲಾಗದಂಥವು.

ಹಿನ್ನೆಲೆ

ಬೆನ್ನುನೋವನ್ನು ಅದರ ಅವಧಿಯ ಆಧಾರದ ಮೇಲೆ ವಿಂಗಡಿಸಲಾಗುತ್ತದೆ. ಆರು ವಾರಗಳೊಳಗೆ ಶಮನವಾಗುವ ನೋವನ್ನು ತೀವ್ರ ಅಥವಾ ಅಲ್ಪಕಾಲಿಕ ನೋವೆಂದೂ, ಹನ್ನೆರಡು ವಾರಗಳನ್ನು ಮೀರಿ ಉಳಿಯುವ ನೋವನ್ನು ದೀರ್ಘಕಾಲದ ನೋವೆಂದೂ ಕರೆಯುತ್ತಾರೆ. ಜಾಗತಿಕ ರೋಗಹೊರೆ ಅಧ್ಯಯನದ ಅಂದಾಜಿನಂತೆ 2020ರಲ್ಲಿ ವಿಶ್ವದಾದ್ಯಂತ ಸುಮಾರು 61.9 ಕೋಟಿ ಜನರು ಕೆಳಬೆನ್ನಿನ ನೋವಿನಿಂದ ಬಳಲುತ್ತಿದ್ದರು. 2050ರ ಹೊತ್ತಿಗೆ ಈ ಸಂಖ್ಯೆ 84.3 ಕೋಟಿಗೆ ಏರಬಹುದೆಂದು ಅದೇ ಅಧ್ಯಯನ ಹೇಳುತ್ತದೆ. ಜನರನ್ನು ದೈನಂದಿನ ಕೆಲಸಕ್ಕೆ ಅಸಮರ್ಥರನ್ನಾಗಿಸುವ ಕಾರಣಗಳಲ್ಲಿ ಇದು ಜಗತ್ತಿನಲ್ಲೇ ಮೊದಲ ಸ್ಥಾನದಲ್ಲಿದೆ.

ಕೆಳಬೆನ್ನಿನ ನೋವಿನ ಪ್ರಕರಣಗಳಲ್ಲಿ ಸುಮಾರು ಶೇ. 90ರಷ್ಟು 'ನಿರ್ದಿಷ್ಟ ಕಾರಣವಿಲ್ಲದ' ವರ್ಗಕ್ಕೆ ಸೇರುತ್ತವೆ. ನೋವು ಕಾಲ್ಪನಿಕವೆಂದು ಇದರ ಅರ್ಥವಲ್ಲ. ಸ್ನಾಯು, ಅಸ್ಥಿಬಂಧ, ಕೀಲು, ಡಿಸ್ಕ್ ಹಾಗೂ ನರಮಂಡಲಗಳಲ್ಲಿ ಯಾವುದರಿಂದ ನೋವು ಹುಟ್ಟುತ್ತಿದೆ ಎಂಬುದನ್ನು ಈಗಿನ ಪರೀಕ್ಷೆಗಳಿಂದ ಬೇರ್ಪಡಿಸಿ ಹೇಳಲಾಗದು ಎಂದಷ್ಟೇ ಅರ್ಥ. ಉಳಿದ ಸಣ್ಣ ಭಾಗದಲ್ಲಿ ನರಮೂಲದ ಒತ್ತಡ, ಬೆನ್ನುಹುರಿಯ ನಾಳ ಕಿರಿದಾಗುವುದು, ಮೂಳೆಮುರಿತ, ಸೋಂಕು, ಉರಿಯೂತದ ಸಂಧಿವಾತ, ಗೆಡ್ಡೆ ಮುಂತಾದ ಗುರುತಿಸಬಹುದಾದ ಕಾರಣಗಳಿರುತ್ತವೆ. ಬಹುಪಾಲು ಜನರಿಗೆ ಅನಗತ್ಯ ಚಿಕಿತ್ಸೆ ಸಿಗದಂತೆ ಮತ್ತು ಈ ಸಣ್ಣ ಭಾಗದವರ ಕಾಯಿಲೆ ಕಣ್ತಪ್ಪಿ ಹೋಗದಂತೆ ನೋಡಿಕೊಳ್ಳುವುದೇ ಎರಡನೆಯ ಅಭಿಪ್ರಾಯದ ಮುಖ್ಯ ಉದ್ದೇಶವಾಗಿದೆ.

ಅಭಿಪ್ರಾಯಗಳು ಭಿನ್ನವಾಗಲು ಕಾರಣಗಳು

ಸ್ಕ್ಯಾನ್‌ಗಳ ಮಿತಿ

ವಯಸ್ಸಾದಂತೆ ಕೂದಲು ನರೆಯುವ ಹಾಗೆ ಬೆನ್ನುಮೂಳೆಯ ಡಿಸ್ಕ್‌ಗಳೂ ಸವೆಯುತ್ತವೆ. ಯಾವುದೇ ಬೆನ್ನುನೋವಿಲ್ಲದ 3,110 ಜನರ ಸ್ಕ್ಯಾನ್ ಮಾಹಿತಿಯನ್ನು ಒಟ್ಟುಗೂಡಿಸಿದ, 2015ರಲ್ಲಿ ಪ್ರಕಟವಾದ ಒಂದು ವಿಮರ್ಶೆಯ ಪ್ರಕಾರ, ಡಿಸ್ಕ್ ಸವೆತವು 20 ವರ್ಷದವರಲ್ಲಿ ಶೇ. 37ರಷ್ಟು ಮತ್ತು 80 ವರ್ಷದವರಲ್ಲಿ ಶೇ. 96ರಷ್ಟು ಜನರಲ್ಲಿ ಕಂಡುಬಂದಿತು. ಡಿಸ್ಕ್ ಉಬ್ಬಿರುವುದು 20 ವರ್ಷದವರಲ್ಲಿಯೇ ಶೇ. 30ರಷ್ಟಿತ್ತು. ಆದ್ದರಿಂದ ವರದಿಯಲ್ಲಿ 'ಡಿಸ್ಕ್ ಬಲ್ಜ್' ಅಥವಾ 'ಡಿಜೆನರೇಶನ್' ಎಂದು ಬರೆದಿದ್ದ ಮಾತ್ರಕ್ಕೆ ಅದೇ ನೋವಿನ ಮೂಲವೆಂದು ನಿರ್ಧರಿಸಲಾಗದು. ರೋಗಿಯ ನೋವು ಹರಡುವ ದಾರಿ, ಸ್ನಾಯುಗಳ ಬಲ, ಸ್ಪರ್ಶಜ್ಞಾನ ಮತ್ತು ಪ್ರತಿವರ್ತನೆಗಳು ಸ್ಕ್ಯಾನ್‌ನಲ್ಲಿ ಕಂಡದ್ದಕ್ಕೆ ಹೊಂದಿಕೆಯಾದಾಗ ಮಾತ್ರ ಆ ವರದಿಗೆ ಬೆಲೆ ಬರುತ್ತದೆ.

ಒಂದೇ ಬೆನ್ನುಮೂಳೆಯ ವರದಿಗಳು ಕೇಂದ್ರದಿಂದ ಕೇಂದ್ರಕ್ಕೆ ಬದಲಾಗುವುದೂ ಉಂಟು. 2017ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಬೆನ್ನುನೋವು ಮತ್ತು ಕಾಲಿಗೆ ಇಳಿಯುವ ನೋವಿದ್ದ 63 ವರ್ಷದ ಒಬ್ಬ ಮಹಿಳೆಗೆ ಮೂರು ವಾರಗಳ ಅವಧಿಯಲ್ಲಿ ಹತ್ತು ಬೇರೆ ಬೇರೆ ಕೇಂದ್ರಗಳಲ್ಲಿ ಎಂ.ಆರ್.ಐ. ಮಾಡಿಸಲಾಯಿತು. ಹತ್ತೂ ವರದಿಗಳಲ್ಲಿ ಒಟ್ಟು 49 ಬಗೆಯ ದೋಷಗಳು ದಾಖಲಾದವು. ಎಲ್ಲ ಹತ್ತು ವರದಿಗಳಲ್ಲೂ ಸಮಾನವಾಗಿ ಕಂಡ ದೋಷ ಒಂದೂ ಇರಲಿಲ್ಲ. ಇದು ಒಬ್ಬರೇ ರೋಗಿಯ ಅಧ್ಯಯನವಾದರೂ, ವರದಿಯ ಹಾಳೆಯೊಂದನ್ನೇ ಆಧರಿಸಿ ದೊಡ್ಡ ನಿರ್ಧಾರ ಕೈಗೊಳ್ಳಬಾರದೆಂಬುದನ್ನು ಸ್ಪಷ್ಟಪಡಿಸುತ್ತದೆ.

ತಜ್ಞತೆಯ ಪ್ರಭಾವ

ಬೆನ್ನುನೋವಿಗೆ ಮೂಳೆತಜ್ಞರು, ನರಶಸ್ತ್ರಚಿಕಿತ್ಸಕರು, ನೋವು ಚಿಕಿತ್ಸಾ ತಜ್ಞರು, ಸಂಧಿವಾತ ತಜ್ಞರು, ಪುನಶ್ಚೇತನ ವೈದ್ಯರು ಮತ್ತು ಫಿಸಿಯೋಥೆರಪಿಸ್ಟ್‌ಗಳು ಚಿಕಿತ್ಸೆ ನೀಡುತ್ತಾರೆ. ಪ್ರತಿಯೊಬ್ಬರೂ ತಮಗೆ ಹೆಚ್ಚು ಪರಿಚಿತವಾದ ವಿಧಾನದ ಕಡೆಗೆ ಒಲಿಯುವುದು ಸಹಜ. ಇದರ ಜೊತೆಗೆ, ಮೊದಲು ಮನಸ್ಸಿಗೆ ಬಂದ ರೋಗನಿರ್ಣಯಕ್ಕೇ ಅಂಟಿಕೊಳ್ಳುವ ಪ್ರವೃತ್ತಿ, ಹೊರರೋಗಿ ವಿಭಾಗದಲ್ಲಿ ಪ್ರತಿ ರೋಗಿಗೆ ದೊರೆಯುವ ಅಲ್ಪ ಸಮಯ ಹಾಗೂ ಕೆಲವೆಡೆ ಆರ್ಥಿಕ ಹಿತಾಸಕ್ತಿಗಳೂ ಅಭಿಪ್ರಾಯಗಳ ಮೇಲೆ ಪರಿಣಾಮ ಬೀರುತ್ತವೆ.

ಎರಡನೆಯ ಅಭಿಪ್ರಾಯ ಉಪಯುಕ್ತವಾಗುವ ಸಂದರ್ಭಗಳು

ಶಸ್ತ್ರಚಿಕಿತ್ಸೆಯನ್ನು ಸೂಚಿಸಿದಾಗ

ಎರಡನೆಯ ಅಭಿಪ್ರಾಯದ ಅಗತ್ಯ ಅತ್ಯಂತ ಸ್ಪಷ್ಟವಾಗಿರುವುದು ಈ ಸಂದರ್ಭದಲ್ಲಿ. ಬೆನ್ನುಮೂಳೆಯ ಶಸ್ತ್ರಚಿಕಿತ್ಸೆಗಳಲ್ಲಿ ನರವನ್ನು ಒತ್ತುತ್ತಿರುವ ಡಿಸ್ಕ್ ಭಾಗವನ್ನು ತೆಗೆಯುವ ಡಿಸ್ಕೆಕ್ಟಮಿ, ನಾಳವನ್ನು ಅಗಲಗೊಳಿಸುವ ಲ್ಯಾಮಿನೆಕ್ಟಮಿ ಹಾಗೂ ಕಶೇರುಕಗಳನ್ನು ಸ್ಕ್ರೂ ಮತ್ತು ಸರಳುಗಳಿಂದ ಬೆಸೆಯುವ ಫ್ಯೂಷನ್ ಮುಖ್ಯವಾದವು. ಇವುಗಳ ಫಲಿತಾಂಶವು ಯಾವ ತೊಂದರೆಗೆ ಯಾವುದನ್ನು ಮಾಡಲಾಗುತ್ತಿದೆ ಎಂಬುದನ್ನು ಅವಲಂಬಿಸಿದೆ.

ನರಮೂಲದ ಒತ್ತಡದಿಂದ ಕಾಲಿಗೆ ಇಳಿಯುವ ನೋವಿಗೆ, ಅಂದರೆ ಸಯಾಟಿಕಾಗೆ, ಶಸ್ತ್ರಚಿಕಿತ್ಸೆಯಿಂದ ಬೇಗನೆ ಪರಿಹಾರ ದೊರೆಯುವುದು ನಿಜ. ಆದರೆ ನೆದರ್ಲೆಂಡ್ಸ್‌ನಲ್ಲಿ 6ರಿಂದ 12 ವಾರಗಳ ಕಾಲ ತೀವ್ರ ಸಯಾಟಿಕಾ ಅನುಭವಿಸಿದ್ದ 283 ರೋಗಿಗಳ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಬೇಗ ಶಸ್ತ್ರಚಿಕಿತ್ಸೆ ಪಡೆಯಲು ನಿಗದಿಯಾದವರೂ ಮೊದಲು ಕಾದು ನೋಡಲು ನಿಗದಿಯಾದವರೂ ಒಂದು ವರ್ಷದ ಕೊನೆಗೆ ಹೆಚ್ಚುಕಡಿಮೆ ಒಂದೇ ಸ್ಥಿತಿಯಲ್ಲಿದ್ದರು. ಕಾದು ನೋಡಿದ ಗುಂಪಿನಲ್ಲಿ ಶೇ. 39ರಷ್ಟು ಮಂದಿ ನಂತರ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು, ಉಳಿದವರಿಗೆ ಅದರ ಅಗತ್ಯ ಬೀಳಲಿಲ್ಲ. ಕಾಲುನೋವಿಲ್ಲದೆ ಕೇವಲ ಬೆನ್ನುನೋವಿರುವವರ ವಿಷಯ ಬೇರೆ. ಬ್ರಿಟನ್ನಿನಲ್ಲಿ 349 ರೋಗಿಗಳ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ದೀರ್ಘಕಾಲದ ಕೆಳಬೆನ್ನಿನ ನೋವಿಗೆ ಫ್ಯೂಷನ್ ಶಸ್ತ್ರಚಿಕಿತ್ಸೆಯು ತೀವ್ರ ಪುನಶ್ಚೇತನ ಕಾರ್ಯಕ್ರಮಕ್ಕಿಂತ ಮೇಲೆಂಬುದಕ್ಕೆ ಸ್ಪಷ್ಟ ಆಧಾರ ಸಿಗಲಿಲ್ಲ.

ಅಮೆರಿಕದ ಸಿಯಾಟಲ್ ನಗರದ ವರ್ಜೀನಿಯಾ ಮೇಸನ್ ಆಸ್ಪತ್ರೆಯಲ್ಲಿ, ಬೇರೆಡೆ ಫ್ಯೂಷನ್ ಸೂಚಿಸಲ್ಪಟ್ಟಿದ್ದ ರೋಗಿಗಳನ್ನು ವಿವಿಧ ವಿಭಾಗಗಳ ತಜ್ಞರ ತಂಡವು ಒಟ್ಟಾಗಿ ಪರಿಶೀಲಿಸಿದಾಗ, ಅರ್ಧಕ್ಕಿಂತ ಹೆಚ್ಚು ಮಂದಿಗೆ ಶಸ್ತ್ರಚಿಕಿತ್ಸೆಯಿಲ್ಲದ ಮಾರ್ಗವನ್ನು ಸೂಚಿಸಲಾಯಿತು. ಶಸ್ತ್ರಚಿಕಿತ್ಸೆಯ ನಂತರವೂ ನೋವು ಉಳಿದವರಲ್ಲಿ ಎರಡನೆಯ, ಮೂರನೆಯ ಶಸ್ತ್ರಚಿಕಿತ್ಸೆಗಳ ಯಶಸ್ಸಿನ ಸಾಧ್ಯತೆ ಕಡಿಮೆಯಾಗುತ್ತ ಹೋಗುವುದರಿಂದ, ಮರುಶಸ್ತ್ರಚಿಕಿತ್ಸೆಯ ಸಲಹೆ ಬಂದಾಗಲೂ ಇನ್ನೊಂದು ಅಭಿಪ್ರಾಯ ಪಡೆಯುವುದು ಉಚಿತ.

ಕಣ್ತಪ್ಪಿ ಹೋಗಬಹುದಾದ ಕಾಯಿಲೆಗಳು

ತಿಂಗಳುಗಟ್ಟಲೆ ಚಿಕಿತ್ಸೆ ಪಡೆದರೂ ನೋವು ಹೆಚ್ಚುತ್ತಲೇ ಇದ್ದರೆ, ಮೊದಲ ರೋಗನಿರ್ಣಯವೇ ಸರಿಯಿದೆಯೇ ಎಂದು ನೋಡುವುದು ಅಗತ್ಯವಾಗುತ್ತದೆ. ಭಾರತದ ಸನ್ನಿವೇಶದಲ್ಲಿ ಈ ಕೆಳಗಿನವು ಗಮನಾರ್ಹ:

• ಬೆನ್ನುಮೂಳೆಯ ಕ್ಷಯ: ಇಂಗ್ಲೆಂಡಿನ ಶಸ್ತ್ರಚಿಕಿತ್ಸಕ ಪರ್ಸಿವಲ್ ಪಾಟ್ 1779ರಲ್ಲಿ ವಿವರಿಸಿದ್ದರಿಂದ ಇದಕ್ಕೆ ಪಾಟ್ಸ್ ರೋಗವೆಂಬ ಹೆಸರಿದೆ. ಇದು ನಿಧಾನವಾಗಿ ಬೆಳೆಯುತ್ತದೆ. ರಾತ್ರಿಯೂ ಬಿಡದ ನೋವು, ಸಂಜೆಯ ಜ್ವರ, ತೂಕ ಇಳಿಯುವುದು, ಹಸಿವಾಗದಿರುವುದು ಇದರ ಲಕ್ಷಣಗಳು. ಆದರೆ ಎಷ್ಟೋ ರೋಗಿಗಳಲ್ಲಿ ಬಹುಕಾಲ ಬೆನ್ನುನೋವೊಂದೇ ಲಕ್ಷಣವಾಗಿರುತ್ತದೆ ಮತ್ತು ಎದೆಯ ಎಕ್ಸ್-ರೇ ಸಹಜವಾಗಿರಬಹುದು. ಗುರುತಿಸದೆ ಬಿಟ್ಟರೆ ಕಶೇರುಕಗಳು ಕುಸಿದು ಗೂನು ಮತ್ತು ಕಾಲುಗಳ ಪಾರ್ಶ್ವವಾಯು ಉಂಟಾಗಬಹುದು. ಸಕಾಲದಲ್ಲಿ ಗುರುತಿಸಿದರೆ ಬಹುಪಾಲು ರೋಗಿಗಳು ಔಷಧಿಗಳಿಂದಲೇ ಗುಣಮುಖರಾಗುತ್ತಾರೆ. ರಾಷ್ಟ್ರೀಯ ಕ್ಷಯ ನಿರ್ಮೂಲನಾ ಕಾರ್ಯಕ್ರಮದಡಿ ಈ ಔಷಧಿಗಳು ಉಚಿತವಾಗಿ ದೊರೆಯುತ್ತವೆ.

• ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್: ಇದು ಬೆನ್ನುಮೂಳೆಯ ಉರಿಯೂತದ ಸಂಧಿವಾತ. ಸಾಮಾನ್ಯವಾಗಿ 45 ವರ್ಷಕ್ಕೆ ಮೊದಲೇ ಆರಂಭವಾಗುತ್ತದೆ. ಬೆಳಿಗ್ಗೆ ಎದ್ದಾಗ ಬೆನ್ನು ಬಹಳ ಹೊತ್ತು ಬಿಗಿಯಾಗಿರುವುದು, ವಿಶ್ರಾಂತಿಯಿಂದ ನೋವು ಹೆಚ್ಚಿ ಓಡಾಟದಿಂದ ಕಡಿಮೆಯಾಗುವುದು ಇದರ ಗುರುತು. ಸಾಧಾರಣ ಬೆನ್ನುನೋವೆಂದು ಭಾವಿಸಿ ವರ್ಷಗಳೇ ಕಳೆದುಹೋಗುವುದು ಅಪರೂಪವಲ್ಲ. ಇಂಥವರು ಸಂಧಿವಾತ ತಜ್ಞರನ್ನು ಕಾಣುವುದು ಸೂಕ್ತ.

• ಮೂಳೆ ಸವೆತದಿಂದಾದ ಮುರಿತ: ಋತುಬಂಧದ ನಂತರದ ಮಹಿಳೆಯರಲ್ಲಿ, ವೃದ್ಧರಲ್ಲಿ ಹಾಗೂ ದೀರ್ಘಕಾಲ ಸ್ಟೀರಾಯ್ಡ್ ಸೇವಿಸಿದವರಲ್ಲಿ ಸಣ್ಣ ಪೆಟ್ಟಿನಿಂದಲೂ ಕಶೇರುಕ ಕುಸಿಯಬಹುದು.

• ಗೆಡ್ಡೆಗಳು: ಹಿಂದೆ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆದವರಲ್ಲಿ ಹೊಸದಾಗಿ ಕಾಣಿಸಿಕೊಳ್ಳುವ ಬೆನ್ನುನೋವನ್ನು ಪ್ರತ್ಯೇಕವಾಗಿ ಪರೀಕ್ಷಿಸಬೇಕಾಗುತ್ತದೆ. ಬಹುಮಜ್ಜೆಗೆಡ್ಡೆಯಂತಹ ರಕ್ತಸಂಬಂಧಿ ಕ್ಯಾನ್ಸರ್ ಕೂಡ ಮೊದಲು ಬೆನ್ನುನೋವಾಗಿ ಕಾಣಿಸಿಕೊಳ್ಳಬಹುದು.

ಕಾಯಬಾರದ ಸಂದರ್ಭಗಳು

ಕೆಲವು ಲಕ್ಷಣಗಳು ಕಂಡಾಗ ಎರಡನೆಯ ಅಭಿಪ್ರಾಯಕ್ಕಾಗಿ ದಿನ ಕಳೆಯುವುದು ಅಪಾಯಕಾರಿ. ಮೂತ್ರ ಕಟ್ಟಿಕೊಳ್ಳುವುದು ಅಥವಾ ಅರಿವಿಲ್ಲದೆ ಹೋಗುವುದು, ಮಲವಿಸರ್ಜನೆಯ ಹಿಡಿತ ತಪ್ಪುವುದು, ಗುದದ್ವಾರ ಹಾಗೂ ಜನನಾಂಗಗಳ ಸುತ್ತ ಜೋಮು ಹಿಡಿಯುವುದು, ಎರಡೂ ಕಾಲುಗಳಲ್ಲಿ ಬಲ ಕುಂದುವುದು ಇವು ಕಾಡಾ ಈಕ್ವೈನಾ ಸಿಂಡ್ರೋಮ್ ಎಂಬ ತುರ್ತು ಸ್ಥಿತಿಯ ಸೂಚನೆಗಳು. ಬೆನ್ನುಹುರಿಯ ಕೆಳತುದಿಯ ನರಗುಚ್ಛದ ಮೇಲೆ ಬಿದ್ದ ಒತ್ತಡವನ್ನು ಕೂಡಲೇ ತೆಗೆಯದಿದ್ದರೆ ಈ ತೊಂದರೆಗಳು ಶಾಶ್ವತವಾಗಬಹುದು. ದಿನದಿಂದ ದಿನಕ್ಕೆ ಹೆಚ್ಚುವ ಕಾಲಿನ ದೌರ್ಬಲ್ಯ, ತೀವ್ರ ಜ್ವರದೊಡನೆ ಬರುವ ಬೆನ್ನುನೋವು ಮತ್ತು ಅಪಘಾತದ ನಂತರದ ನೋವು ಕೂಡ ತಕ್ಷಣ ಆಸ್ಪತ್ರೆಗೆ ಹೋಗಬೇಕಾದ ಸಂದರ್ಭಗಳಾಗಿವೆ.

ತಜ್ಞರ ಆಯ್ಕೆ

ಎರಡನೆಯ ಅಭಿಪ್ರಾಯ ನೀಡುವವರು ಮೊದಲ ವೈದ್ಯರ ಸಹೋದ್ಯೋಗಿಯಾಗಿರದೆ ಬೇರೊಂದು ಸಂಸ್ಥೆಗೆ ಸೇರಿದವರಾಗಿದ್ದರೆ ಅಭಿಪ್ರಾಯವು ಹೆಚ್ಚು ಸ್ವತಂತ್ರವಾಗಿರುತ್ತದೆ. ಶಸ್ತ್ರಚಿಕಿತ್ಸೆ ಬೇಕೇ ಬೇಡವೇ ಎಂಬುದು ಪ್ರಶ್ನೆಯಾಗಿದ್ದರೆ ಒಬ್ಬ ಬೆನ್ನುಮೂಳೆ ಶಸ್ತ್ರಚಿಕಿತ್ಸಕರ ಜೊತೆಗೆ, ಶಸ್ತ್ರಚಿಕಿತ್ಸೆ ಮಾಡದ ಒಬ್ಬ ತಜ್ಞರನ್ನೂ ಕಾಣುವುದು ಉಪಯುಕ್ತ. ರೋಗವೇ ಸ್ಪಷ್ಟವಿಲ್ಲದಿದ್ದರೆ ಮೊದಲು ಸಾಮಾನ್ಯ ವೈದ್ಯರು ಅಥವಾ ಕುಟುಂಬ ವೈದ್ಯರು ಇಡೀ ದೇಹವನ್ನು ಪರೀಕ್ಷಿಸಿ ಸರಿಯಾದ ವಿಭಾಗಕ್ಕೆ ಕಳುಹಿಸಬಲ್ಲರು. ಸ್ಕ್ಯಾನ್ ವರದಿಯಲ್ಲಿ ಅನುಮಾನವಿದ್ದಾಗ ಮತ್ತೆ ಸ್ಕ್ಯಾನ್ ಮಾಡಿಸುವ ಬದಲು, ಅದೇ ಚಿತ್ರಗಳನ್ನು ಇನ್ನೊಬ್ಬ ರೇಡಿಯಾಲಜಿಸ್ಟ್ ಓದುವಂತೆ ಕೇಳಿಕೊಳ್ಳಬಹುದು. ಇದರಿಂದ ಖರ್ಚು ಗಣನೀಯವಾಗಿ ಉಳಿಯುತ್ತದೆ.

ಸಿದ್ಧತೆ

ಮತ್ತೊಬ್ಬ ವೈದ್ಯರನ್ನು ಕಂಡರೆ ಮೊದಲ ವೈದ್ಯರು ನೊಂದುಕೊಳ್ಳಬಹುದೆಂಬ ಅಳುಕು ರೋಗಿಗಳಲ್ಲಿ ಸಾಮಾನ್ಯ. ಆದರೆ ಇದು ವೈದ್ಯಕೀಯದಲ್ಲಿ ಅಂಗೀಕೃತವಾದ ಕ್ರಮ. ನಿರ್ಧಾರ ಮಾಡುವ ಮೊದಲು ಇನ್ನೊಂದು ಅಭಿಪ್ರಾಯ ಪಡೆಯುವ ಉದ್ದೇಶವನ್ನು ನೇರವಾಗಿ ಮತ್ತು ವಿನಯದಿಂದ ತಿಳಿಸಿ ದಾಖಲೆಗಳನ್ನು ಕೇಳಿ ಪಡೆಯುವುದೇ ಉತ್ತಮ ಮಾರ್ಗ. ಭೇಟಿಗೆ ಒಯ್ಯಬೇಕಾದವು:

• ಎಂ.ಆರ್.ಐ., ಸಿ.ಟಿ. ಮತ್ತು ಎಕ್ಸ್-ರೇಗಳ ಮೂಲ ಚಿತ್ರಗಳು, ಅಂದರೆ ಫಿಲ್ಮ್ ಅಥವಾ ಸಿ.ಡಿ. ವರದಿಯ ಹಾಳೆ ಮಾತ್ರ ಸಾಲದು.
• ರಕ್ತಪರೀಕ್ಷೆ ಹಾಗೂ ನರವಾಹಕತೆ ಪರೀಕ್ಷೆಗಳ ವರದಿಗಳು.
• ಹಿಂದಿನ ಔಷಧಿ ಚೀಟಿಗಳು, ಸೇವಿಸಿದ ಅವಧಿ ಮತ್ತು ಅವುಗಳಿಂದಾದ ಪರಿಣಾಮದ ವಿವರ.
• ಹಿಂದೆ ಶಸ್ತ್ರಚಿಕಿತ್ಸೆ ಅಥವಾ ಚುಚ್ಚುಮದ್ದು ಪಡೆದಿದ್ದರೆ ಅದರ ಟಿಪ್ಪಣಿ ಮತ್ತು ಡಿಸ್ಚಾರ್ಜ್ ಸಾರಾಂಶ.
• ಮಧುಮೇಹ, ರಕ್ತದೊತ್ತಡ, ಹಿಂದಿನ ಕ್ಷಯ ಅಥವಾ ಕ್ಯಾನ್ಸರ್ ಇತ್ಯಾದಿ ಆರೋಗ್ಯ ಇತಿಹಾಸ.
• ನೋವು ಯಾವಾಗ ಆರಂಭವಾಯಿತು, ಎಲ್ಲಿಗೆ ಹರಡುತ್ತದೆ, ಯಾವುದರಿಂದ ಹೆಚ್ಚುತ್ತದೆ ಎಂಬ ಚಿಕ್ಕ ಬರವಣಿಗೆ.

ಮೊದಲ ವೈದ್ಯರ ತೀರ್ಮಾನವನ್ನು ಆರಂಭದಲ್ಲೇ ಹೇಳಿದರೆ ಎರಡನೆಯವರ ಆಲೋಚನೆಯೂ ಅದೇ ದಾರಿ ಹಿಡಿಯಬಹುದು. ಆದ್ದರಿಂದ ಮೊದಲು ತೊಂದರೆಯನ್ನು ವಿವರಿಸಿ, ದೈಹಿಕ ಪರೀಕ್ಷೆ ಮುಗಿದು ಚಿತ್ರಗಳನ್ನು ನೋಡಿಯಾದ ನಂತರ ಹಿಂದಿನ ಸಲಹೆಯನ್ನು ತಿಳಿಸುವುದು ಒಳ್ಳೆಯದು. ಆದರೆ ಅದನ್ನು ಮುಚ್ಚಿಡುವುದು ಸರಿಯಲ್ಲ.

ಕೇಳಬೇಕಾದ ಮುಖ್ಯ ಪ್ರಶ್ನೆಗಳು ಇವು: ನೋವಿನ ಮೂಲ ಯಾವುದು ಮತ್ತು ಅದು ಎಷ್ಟು ಖಚಿತ? ಸ್ಕ್ಯಾನ್‌ನಲ್ಲಿ ಕಂಡದ್ದು ದೈಹಿಕ ಪರೀಕ್ಷೆಗೆ ಹೊಂದುತ್ತದೆಯೇ? ಈಗ ಏನೂ ಮಾಡದೆ ಮೂರು ತಿಂಗಳು ಕಾದರೆ ಏನಾಗಬಹುದು? ಶಸ್ತ್ರಚಿಕಿತ್ಸೆಯಿಂದ ಕಡಿಮೆಯಾಗುವುದು ಕಾಲುನೋವೋ ಬೆನ್ನುನೋವೋ? ಅಪಾಯಗಳು, ಚೇತರಿಕೆಯ ಅವಧಿ ಮತ್ತು ಒಟ್ಟು ವೆಚ್ಚ ಎಷ್ಟು? ಶಸ್ತ್ರಚಿಕಿತ್ಸೆಯಿಲ್ಲದ ಮಾರ್ಗಗಳನ್ನು ಪೂರ್ಣವಾಗಿ ಪ್ರಯತ್ನಿಸಲಾಗಿದೆಯೇ?

ಕೊನೆಯ ಪ್ರಶ್ನೆಗೆ ಅಳತೆಗೋಲಾಗಿ ವಿಶ್ವ ಆರೋಗ್ಯ ಸಂಸ್ಥೆಯು 2023ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ಮಾರ್ಗಸೂಚಿಯನ್ನು ಬಳಸಬಹುದು. ದೀರ್ಘಕಾಲದ ಕೆಳಬೆನ್ನಿನ ನೋವಿನ ಶಸ್ತ್ರಚಿಕಿತ್ಸಾರಹಿತ ಆರೈಕೆಗಾಗಿ ರೂಪಿಸಿದ ಈ ದಾಖಲೆಯು ರೋಗಿಗೆ ತಿಳಿವಳಿಕೆ ನೀಡುವುದು, ವ್ಯಾಯಾಮ ಕಾರ್ಯಕ್ರಮ, ಕೆಲವು ಭೌತಚಿಕಿತ್ಸೆಗಳು, ಮನೋವೈಜ್ಞಾನಿಕ ಚಿಕಿತ್ಸೆ ಹಾಗೂ ಉರಿಯೂತ ನಿವಾರಕ ಔಷಧಿಗಳನ್ನು ಪರಿಗಣಿಸಲು ಸೂಚಿಸುತ್ತದೆ. ಸೊಂಟದ ಪಟ್ಟಿ ಅಥವಾ ಬೆಲ್ಟ್, ಟ್ರ್ಯಾಕ್ಷನ್ ಮತ್ತು ಓಪಿಯಾಯ್ಡ್ ನೋವುನಿವಾರಕಗಳನ್ನು ಬಹುತೇಕ ಸಂದರ್ಭಗಳಲ್ಲಿ ಬಳಸಬಾರದೆಂದು ಅದು ಹೇಳುತ್ತದೆ.

ಅಭಿಪ್ರಾಯಗಳು ಭಿನ್ನವಾದಾಗ

ಎರಡು ಅಭಿಪ್ರಾಯಗಳು ಒಂದೇ ಆಗಿದ್ದರೆ ರೋಗಿಯು ಹೆಚ್ಚಿನ ವಿಶ್ವಾಸದಿಂದ ಮುಂದುವರಿಯಬಹುದು. ಭಿನ್ನವಾಗಿದ್ದರೆ, ಭಿನ್ನತೆ ಯಾವ ಹಂತದಲ್ಲಿದೆ ಎಂಬುದನ್ನು ಮೊದಲು ಗುರುತಿಸಬೇಕು. ರೋಗ ಯಾವುದೆಂಬ ಬಗ್ಗೆಯೇ ಭಿನ್ನತೆ ಇದ್ದರೆ ಹೆಚ್ಚಿನ ಪರೀಕ್ಷೆಯಿಂದ ಅದನ್ನು ಬಗೆಹರಿಸಲು ಸಾಧ್ಯವಿದೆ. ಉದಾಹರಣೆಗೆ, ಕಶೇರುಕದಲ್ಲಿ ಕಂಡ ಬದಲಾವಣೆ ಕ್ಷಯವೋ ಗೆಡ್ಡೆಯೋ ಎಂಬ ಅನುಮಾನವನ್ನು ಬಯಾಪ್ಸಿ ಪರಿಹರಿಸುತ್ತದೆ. ರೋಗದ ಬಗ್ಗೆ ಒಮ್ಮತವಿದ್ದು ಚಿಕಿತ್ಸೆಯ ಬಗ್ಗೆ ಮಾತ್ರ ಭಿನ್ನತೆ ಇದ್ದರೆ, ಎರಡೂ ಮಾರ್ಗಗಳು ವೈದ್ಯಕೀಯವಾಗಿ ಒಪ್ಪುವಂಥವೇ ಆಗಿರಬಹುದು. ಆಗ ರೋಗಿಯ ಉದ್ಯೋಗ, ವಯಸ್ಸು, ನೋವು ತಡೆಯುವ ಶಕ್ತಿ ಮತ್ತು ಆರ್ಥಿಕ ಸ್ಥಿತಿಯೇ ನಿರ್ಣಾಯಕವಾಗುತ್ತವೆ. ಬೇಗ ಗದ್ದೆಗೆ ಇಳಿಯಲೇಬೇಕಾದ ಕೃಷಿಕ ಮತ್ತು ಕೆಲವು ತಿಂಗಳು ಕಾಯಬಲ್ಲ ಕಚೇರಿ ನೌಕರ ಒಂದೇ ಸಯಾಟಿಕಾಗೆ ಬೇರೆ ಬೇರೆ ನಿರ್ಧಾರ ಕೈಗೊಳ್ಳುವುದರಲ್ಲಿ ತಪ್ಪಿಲ್ಲ. ಎರಡನೆಯವರ ಕಾರಣಗಳನ್ನು ಮೊದಲ ವೈದ್ಯರ ಮುಂದಿಟ್ಟು ಅವರ ಉತ್ತರ ಕೇಳುವುದು ಎಷ್ಟೋ ಬಾರಿ ಮೂರನೆಯ ಅಭಿಪ್ರಾಯಕ್ಕಿಂತ ಹೆಚ್ಚು ಪ್ರಯೋಜನಕಾರಿ.

ಮಿತಿಗಳು

ಎರಡನೆಯದು ಎಂಬ ಕಾರಣಕ್ಕೆ ಯಾವ ಅಭಿಪ್ರಾಯವೂ ಮೊದಲಿನದಕ್ಕಿಂತ ಸರಿಯಾಗುವುದಿಲ್ಲ. ಕೇಳಬಯಸಿದ ಉತ್ತರ ಸಿಗುವವರೆಗೂ ವೈದ್ಯರಿಂದ ವೈದ್ಯರಿಗೆ ಅಲೆಯುವುದರಿಂದ ಸಮಯ ಮತ್ತು ಹಣ ವ್ಯರ್ಥವಾಗುವುದಲ್ಲದೆ, ವ್ಯಾಯಾಮದಂತಹ ನಿಧಾನವಾಗಿ ಫಲ ನೀಡುವ ಚಿಕಿತ್ಸೆಗಳು ಪೂರ್ಣಗೊಳ್ಳುವುದೇ ಇಲ್ಲ. ಹಲವರು ಬರೆದುಕೊಟ್ಟ ನೋವುನಿವಾರಕಗಳನ್ನು ಒಟ್ಟಿಗೆ ಸೇವಿಸಿದರೆ ಮೂತ್ರಪಿಂಡ ಮತ್ತು ಜಠರಕ್ಕೆ ಹಾನಿಯಾಗಬಹುದು. ಸ್ಕ್ಯಾನ್ ಚಿತ್ರಗಳನ್ನು ಮಾತ್ರ ನೋಡಿ ದೂರದಿಂದ ನೀಡುವ ಅಭಿಪ್ರಾಯದಲ್ಲಿ ದೈಹಿಕ ಪರೀಕ್ಷೆಯ ಕೊರತೆ ಇರುತ್ತದೆ.

ಇತಿಹಾಸ

ಡಿಸ್ಕ್ ಹೊರಚಾಚಿ ನರವನ್ನು ಒತ್ತುವುದರಿಂದ ಸಯಾಟಿಕಾ ಉಂಟಾಗಬಹುದೆಂದು ಅಮೆರಿಕದ ಬಾಸ್ಟನ್ನಿನ ವೈದ್ಯರಾದ ಮಿಕ್ಸ್ಟರ್ ಮತ್ತು ಬಾರ್ 1934ರಲ್ಲಿ ಪ್ರಕಟಿಸಿದ ಬಳಿಕ ಡಿಸ್ಕ್ ಶಸ್ತ್ರಚಿಕಿತ್ಸೆ ವ್ಯಾಪಕವಾಯಿತು. ಸೂಚಿಸಲಾದ ಶಸ್ತ್ರಚಿಕಿತ್ಸೆಗಳನ್ನು ಮತ್ತೊಬ್ಬ ತಜ್ಞರಿಂದ ಪರಿಶೀಲಿಸುವ ಸಂಘಟಿತ ಕ್ರಮವು 1970ರ ದಶಕದಲ್ಲಿ ನ್ಯೂಯಾರ್ಕ್‌ನಲ್ಲಿ ಬೆಳೆಯಿತು. ಈ ಕುರಿತು ಇ. ಜಿ. ಮೆಕಾರ್ತಿ ಮತ್ತು ಜಿ. ಡಬ್ಲ್ಯು. ವಿಡ್ಮರ್ 1974ರಲ್ಲಿ ಪ್ರಕಟಿಸಿದ ಅಧ್ಯಯನ ವ್ಯಾಪಕ ಚರ್ಚೆಗೆ ಕಾರಣವಾಯಿತು. ಜರ್ಮನಿಯಲ್ಲಿ 2015ರ ಕಾನೂನು ಕೆಲವು ಯೋಜಿತ ಶಸ್ತ್ರಚಿಕಿತ್ಸೆಗಳಿಗೆ ಮುನ್ನ ಎರಡನೆಯ ಅಭಿಪ್ರಾಯ ಪಡೆಯುವ ಹಕ್ಕನ್ನು ವಿಮಾದಾರರಿಗೆ ನೀಡಿತು. ಮುಂದೆ ಬೆನ್ನುಮೂಳೆಯ ಶಸ್ತ್ರಚಿಕಿತ್ಸೆಗಳನ್ನೂ ಆ ಪಟ್ಟಿಗೆ ಸೇರಿಸಲಾಯಿತು.

ಭಾರತದಲ್ಲಿ ರೋಗಿಯ ಹಕ್ಕುಗಳು

ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ 17 ಹಕ್ಕುಗಳಿದ್ದು, ಎರಡನೆಯ ಅಭಿಪ್ರಾಯ ಪಡೆಯುವ ಹಕ್ಕು ಅವುಗಳಲ್ಲಿ ಒಂದಾಗಿದೆ. ಭಾರತೀಯ ವೈದ್ಯಕೀಯ ಮಂಡಳಿಯ 2002ರ ವೃತ್ತಿನೀತಿ ನಿಯಮಗಳು, ರೋಗಿಯು ವೈದ್ಯಕೀಯ ದಾಖಲೆಗಳನ್ನು ಕೇಳಿದಲ್ಲಿ 72 ಗಂಟೆಗಳೊಳಗೆ ಒದಗಿಸಬೇಕೆಂದು ಹೇಳುತ್ತವೆ. ಸಮೀರಾ ಕೋಹ್ಲಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2008ರಲ್ಲಿ ನೀಡಿದ ತೀರ್ಪು, ಚಿಕಿತ್ಸೆಯ ಸ್ವರೂಪ, ಪರ್ಯಾಯಗಳು ಮತ್ತು ಅಪಾಯಗಳನ್ನು ತಿಳಿಸಿದ ನಂತರವೇ ರೋಗಿಯ ಒಪ್ಪಿಗೆ ಪಡೆಯಬೇಕೆಂದು ಸ್ಪಷ್ಟಪಡಿಸಿತು. 2020ರ ಮಾರ್ಚ್‌ನಲ್ಲಿ ಹೊರಬಂದ ದೂರವೈದ್ಯಕೀಯ ಮಾರ್ಗಸೂಚಿಗಳು ದೂರವಾಣಿ ಮತ್ತು ವಿಡಿಯೋ ಮೂಲಕ ಸಮಾಲೋಚನೆ ನಡೆಸುವುದಕ್ಕೆ ಚೌಕಟ್ಟು ಒದಗಿಸಿದವು. ಕೇಂದ್ರ ಸರ್ಕಾರದ ಇ-ಸಂಜೀವಿನಿ ಸೇವೆಯ ಮೂಲಕ ಉಚಿತ ಸಮಾಲೋಚನೆ ದೊರೆಯುತ್ತದೆ.

ಕರ್ನಾಟಕದಲ್ಲಿ

ಕರ್ನಾಟಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನ ನರಶಸ್ತ್ರಚಿಕಿತ್ಸಾ ವಿಭಾಗ, ಸಂಜಯ್ ಗಾಂಧಿ ಅಪಘಾತ ಮತ್ತು ಮೂಳೆಚಿಕಿತ್ಸಾ ಸಂಸ್ಥೆ ಹಾಗೂ ಮೈಸೂರು, ಹುಬ್ಬಳ್ಳಿ ಮೊದಲಾದೆಡೆಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಕಡಿಮೆ ವೆಚ್ಚದಲ್ಲಿ ತಜ್ಞರ ಅಭಿಪ್ರಾಯ ಪಡೆಯಲು ಅವಕಾಶವಿದೆ. ಖಾಸಗಿ ಆಸ್ಪತ್ರೆಗಳಿಗೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007 ಅನ್ವಯಿಸುತ್ತದೆ.

ಗ್ರಾಮೀಣ ಭಾಗಗಳಲ್ಲಿ ಬೆನ್ನುನೋವಿಗೆ ನಾಟಿ ವೈದ್ಯರನ್ನು ಅಥವಾ ಮೂಳೆ ಕಟ್ಟುವವರನ್ನು ಕಾಣುವ ರೂಢಿ ಇಂದಿಗೂ ಇದೆ. ಮೂಳೆಮುರಿತ, ಕ್ಷಯ ಅಥವಾ ಗೆಡ್ಡೆ ಇಲ್ಲವೆಂಬುದು ಖಚಿತವಾಗುವ ಮೊದಲು ಬೆನ್ನನ್ನು ಬಲವಾಗಿ ತಿರುಚುವುದು, ತುಳಿಸಿಕೊಳ್ಳುವುದು ಮೊದಲಾದ ಕ್ರಮಗಳಿಂದ ದುರ್ಬಲಗೊಂಡ ಕಶೇರುಕ ಕುಸಿದು ಬೆನ್ನುಹುರಿಗೆ ಧಕ್ಕೆಯಾಗುವ ಅಪಾಯವಿದೆ.

ಇವನ್ನೂ ನೋಡಿ

• ಬೆನ್ನುಮೂಳೆ
• ಸಯಾಟಿಕಾ
• ಕ್ಷಯ
• ಫಿಸಿಯೋಥೆರಪಿ
• ವೈದ್ಯಕೀಯ ನೀತಿಶಾಸ್ತ್ರ